ತೂಕದ ಮೇಲಿನ ಕೊಸರು

ಆ ಬೆಳಿಗ್ಗೆ ಹುಣಸೂರಿನಲ್ಲಿ ಎದುರಿಗೆ ನಿಂತವರ ಮುಖ ಕಾಣದಷ್ಟು ಮಂಜಿತ್ತು ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಮೊನ್ನೆ ಫೋನಿನಲ್ಲಿದ್ದ ಚಿತ್ರಗಳನ್ನು ತೆಗೆದು ನೋಡಿದರೆ ನಿಚ್ಚಳ ಬಿಸಿಲು. ಪ್ಯಾಕಿಂಗ್ ಶೆಡ್ಡಿನ ತಗಡು ಹೊಳೆಯುತ್ತಿದೆ, ಜನ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಾರೆ. ಮಂಜು ಬೇರೆ ಯಾವುದೋ ದಿನದ್ದು. ಕಥೆಗೆ ಒಪ್ಪುತ್ತದೆಂದು ನೆನಪು ಅದನ್ನು ಎಲ್ಲಿಂದಲೋ ತಂದು ಇಲ್ಲಿ ಹೊದಿಸಿದೆ. ಹಾಗಾಗಿ ಹವೆಯ ವಿಷಯದಲ್ಲಿ ನನ್ನನ್ನು ನಂಬಬೇಡಿ. ವಿಮಾನದ ಬಾಲದ ವಿಷಯದಲ್ಲಿ ನಂಬಬಹುದು. ಅದನ್ನು ನೋಡಿದ್ದು ನಾನೊಬ್ಬಳೇ ಅಲ್ಲ.

ಸಣ್ಣ ಸರಕು ವಿಮಾನಕ್ಕೆ ಸಾಮಾನು ತುಂಬಿಸುವುದು ನನ್ನ ಕೆಲಸ. ಹೊತ್ತು ಹಾಕುವವರು ಬೇರೆ ಇದ್ದಾರೆ. ಯಾವ ಪೆಟ್ಟಿಗೆ ಎಲ್ಲಿ ಕೂರಬೇಕು, ಬಲೆ ಎಷ್ಟು ಬಿಗಿಯಬೇಕು, ಪಟ್ಟಿ ಯಾವ ಕೊಂಡಿಗೆ ಸಿಗಿಸಬೇಕು ಎಂದು ಹೇಳಿ, ಕೊನೆಗೆ ಲೋಡ್ ಶೀಟಿಗೆ ಸಹಿ ಹಾಕುವವಳು ನಾನು. ನನ್ನ ಸಹಿ ಬಿದ್ದ ಮೇಲೆ ಕ್ಯಾಪ್ಟನ್ನಿನ ಸಹಿ. ಎರಡೂ ಬೀಳದೆ ಪ್ರೊಪೆಲ್ಲರ್ ತಿರುಗುವುದಿಲ್ಲ.

ನಮ್ಮದು ಒಂದೇ ಎಂಜಿನ್ನಿನ ವಿಮಾನ. ಒಳಗೆ ಸೀಟಿಲ್ಲ, ಒಂದು ಮಿನಿಬಸ್ಸಿನಷ್ಟು ಖಾಲಿ ಹೊಟ್ಟೆ. ನೆಲದ ಮೇಲೆ ಅಡ್ಡ ಗೆರೆಗಳನ್ನು ಎಳೆದು ವಿಭಾಗ ಮಾಡಿದ್ದಾರೆ, ಒಂದೊಂದು ವಿಭಾಗಕ್ಕೂ ಒಂದೊಂದು ಮಿತಿ. ಭಾರದ್ದು ಮುಂದೆ, ಹಗುರದ್ದು ಹಿಂದೆ. ಒಟ್ಟು ತೂಕ ಮಿತಿಯೊಳಗಿದ್ದರೆ ಸಾಲದು, ಆ ತೂಕದ ನಡುಬಿಂದು ರೆಕ್ಕೆಯ ಕೆಳಗೆ ಹೆಚ್ಚುಕಡಿಮೆ ಒಂದು ಮೊಳದಷ್ಟು ಜಾಗದೊಳಗೇ ಬೀಳಬೇಕು. ಅದು ಹಿಂದಕ್ಕೆ ಸರಿದರೆ ನೆಲ ಬಿಟ್ಟ ಕೂಡಲೇ ಮೂಗು ಆಕಾಶಕ್ಕೆ ಏಳುತ್ತದೆ, ಕ್ಯಾಪ್ಟನ್ ಎಷ್ಟು ಒತ್ತಿದರೂ ಇಳಿಯುವುದಿಲ್ಲ, ವೇಗ ಸಾಯುತ್ತದೆ, ವಿಮಾನ ಬೀಳುತ್ತದೆ. ಇಷ್ಟು ಗೊತ್ತಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ತಾಲ್ಲೂಕಿನ ಬೆಳೆಗಾರರು ಸೇರಿ ಒಂದು ಸಂಘ ಮಾಡಿಕೊಂಡಿದ್ದರು. ಅಧ್ಯಕ್ಷೆ ಹಂಪಾಪುರದ ಕಡೆಯ ಹೆಂಗಸು. ಹೊಲದಲ್ಲಿ ದುಡಿದ ಕೈ, ಗಟ್ಟಿ ಗಂಟಲು, ಯಾರನ್ನು ಕರೆದರೂ ಎರಡನೇ ಸಲ ಕರೆಯುವ ಅಭ್ಯಾಸವಿಲ್ಲ. ಬೆಳಿಗ್ಗೆ ಕಿತ್ತ ಸೊಗಡವರೆ ಮಧ್ಯಾಹ್ನದೊಳಗೆ ಕೊಚ್ಚಿ, ಅಲ್ಲಿಂದ ಸಂಜೆಯ ವಿಮಾನದಲ್ಲಿ ಕೊಲ್ಲಿ ದೇಶ: ಅವರ ಯೋಜನೆ ಇಷ್ಟೇ. ಲಾರಿಯಲ್ಲಿ ಕಳಿಸೋಣವೆಂದರೆ ಕೊಚ್ಚಿಯ ಕಡೆಗೆ ಹೋಗುವ, ಕಾಡಿನೊಳಗಿನ ಬಾವಲಿ ರಸ್ತೆ ಇರುಳಿಗೆ ಮುಚ್ಚುತ್ತದೆ. ಹಗಲಲ್ಲಿ ಹೊರಟರೆ ಸಂಜೆಯ ವಿಮಾನ ತಪ್ಪುತ್ತದೆ, ಮಾರನೆಯ ದಿನಕ್ಕೆ ಕಾಯಿ ಕಪ್ಪಾಗಿ ಸೊಗಡೇ ಉಳಿಯುವುದಿಲ್ಲ.

ಎರಡು ಪ್ರಯತ್ನ ಆಗಲೇ ಕೆಟ್ಟಿದ್ದವು. ಮೊದಲ ಸಲ ಪಿರಿಯಾಪಟ್ಟಣದ ಶುಂಠಿಗೆ ಮಣ್ಣು ಅಂಟಿಕೊಂಡಿತ್ತೆಂದು ಕೊಚ್ಚಿಯ ತಪಾಸಣೆಯಲ್ಲಿ ಎಲ್ಲವನ್ನೂ ತಡೆದರು. ಎರಡನೇ ಸಲ ಎಂಜಿನ್ ದುರಸ್ತಿಯೆಂದು ವಿಮಾನವೇ ಬರಲಿಲ್ಲ, ಕಿತ್ತ ಅವರೆಕಾಯಿಯನ್ನು ಅಧ್ಯಕ್ಷೆ ಟೆಂಪೊದಲ್ಲಿ ಊರೂರಿಗೆ ತಿರುಗಿಸಿ ಹಂಚಿದರು. ವಿಮಾನದ ಕಂಪನಿ ಇನ್ನೊಂದೇ ಸಲ ಎಂದಿತ್ತು. ಈ ಬಾರಿ ಸರಕು ಹೊತ್ತಿಗೆ ಸರಿಯಾಗಿ ಕೊಚ್ಚಿ ಮುಟ್ಟದಿದ್ದರೆ ವಿಮಾನ ಬೇರೆ ರಾಜ್ಯಕ್ಕೆ ಹೋಗುತ್ತದೆ. ಅಧ್ಯಕ್ಷೆ ನಾಲ್ಕು ತಾಲ್ಲೂಕಿನ ಹೊಲ ಹೊಲ ಸುತ್ತಿ, ಮಂಡಿಗೆ ಹಾಕಬೇಡಿ ನನಗೆ ಕೊಡಿ ಎಂದು ಕೇಳಿ ತಂದಿದ್ದರು. ಕೆಟ್ಟರೆ ಮುಂದಿನ ಸಲ ನನ್ನ ಮುಂದೆ ಯಾರೂ ಒಂದು ಕಾಯಿಯನ್ನೂ ಸುರಿಯುವುದಿಲ್ಲ ಎಂದು ಅವರೇ ನನ್ನ ಹತ್ತಿರ ಹೇಳಿದ್ದರು. ಅಳುಕಿನಿಂದ ಹೇಳಿದ್ದಲ್ಲ, ಲೆಕ್ಕ ಒಪ್ಪಿಸುವವರ ಹಾಗೆ.

ಹುಣಸೂರಿನ ಶೆಡ್ಡಿಗೆ ನಾನು ಬೆಳಿಗ್ಗೆಯೇ ಹೋಗಿದ್ದೆ. ಶೆಡ್ಡು ಒಬ್ಬ ಸಾಹೇಬರದ್ದು, ಎಲ್ಲರೂ ಭಾಯಿ ಎನ್ನುತ್ತಿದ್ದರು. ಅವರ ಮನೆತನದವರು ಹಿಂದಿನಿಂದ ಮರದ ಪೆಟ್ಟಿಗೆ ಮಾಡುವವರು, ಈಗ ಪ್ಲಾಸ್ಟಿಕ್ ಕ್ರೇಟಿನ ವ್ಯಾಪಾರ. ತಕ್ಕಡಿಯನ್ನು ನನ್ನ ಬಟ್ಟುಗಳನ್ನಿಟ್ಟು ಪರೀಕ್ಷಿಸಿದೆ, ಸರಿಯಿತ್ತು. ಅವರೆಕಾಯಿ, ಶುಂಠಿ ಕ್ರೇಟಿನಲ್ಲಿ. ಮುಚ್ಚಳ ಹಾಕಿ, ಕೈಯಂತ್ರದಲ್ಲಿ ಪ್ಲಾಸ್ಟಿಕ್ ಪಟ್ಟಿ ಎಳೆದು ಬಿಗಿಯುತ್ತಿದ್ದರು. ಕೆ.ಆರ್. ನಗರದ ಹೊಸ ಅಗ್ರಹಾರದಿಂದ ಬಂದ ವೀಳ್ಯದೆಲೆ ಮಾತ್ರ ಬಿದಿರು ಬುಟ್ಟಿಯಲ್ಲಿ. ಎಲೆಗೆ ಉಸಿರಾಡಲು ಬಿಡಬೇಕು, ಆದ್ದರಿಂದ ಮೇಲೆ ಬಾಳೆ ಎಲೆ, ಒದ್ದೆ ಗೋಣಿ, ಬಾಳೆನಾರಿನ ಕಟ್ಟು. ಒಂದೊಂದನ್ನೂ ಕಣ್ಣೆದುರಿಗೆ ತೂಗಿಸಿ, ಚೀಟಿ ಅಂಟಿಸಿ, ಟೆಂಪೊ ತುಂಬಲು ಶುರುವಾದ ಮೇಲೆ ನಾನು ಕಾರಿನಲ್ಲಿ ಮುಂದೆ ಹೊರಟೆ. ಬಿಳಿಕೆರೆ ದಾಟುವಾಗ ಹಾಡು ಗುನುಗುತ್ತಿದ್ದೆ ಎಂದು ಡ್ರೈವರ್ ಈಗಲೂ ರೇಗಿಸುತ್ತಾನೆ. ಇರಬಹುದು. ಮೂರನೇ ಸಲ ಗೆಲ್ಲುತ್ತೇವೆ ಎಂಬ ಹುರುಪು ಮಾತ್ರ ಖಂಡಿತ ನನ್ನಲ್ಲಿತ್ತು.

ಮಂಡಕಳ್ಳಿಯ ವಿಮಾನ ನಿಲ್ದಾಣದಲ್ಲಿ ನಮ್ಮ ವಿಮಾನ ಕಾಯುತ್ತಿತ್ತು. ಕ್ಯಾಪ್ಟನ್ ಕೊಡಗಿನವರು, ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಟೆಂಪೊ ಬಂತು. ಭಾಯಿ, ಅಧ್ಯಕ್ಷೆ ಇಬ್ಬರೂ ಆ ದಿನದ ಪಾಸು ಹಾಕಿಕೊಂಡು ಒಳಗೆ ಬಂದರು. ಸರಕೆಲ್ಲ ಎಕ್ಸ್-ರೇ ಯಂತ್ರದೊಳಗೆ ಹಾದುಹೋಯಿತು. ಆ ಪರದೆಯ ಮೇಲೆ ಸೊಪ್ಪು, ಕಾಯಿ, ಗೆಡ್ಡೆ ಎಲ್ಲವೂ ಒಂದೇ ಕಿತ್ತಳೆ ಬಣ್ಣ. ಯಂತ್ರ ಹುಡುಕುವುದು ಬಾಂಬನ್ನು, ಅವರೆಕಾಯಿಯನ್ನಲ್ಲ. ಕೆಲವು ಕ್ರೇಟುಗಳನ್ನು ನಮ್ಮ ತಕ್ಕಡಿಯ ಮೇಲೆ ಮತ್ತೆ ಇಟ್ಟು ನೋಡಿದೆವು, ಚೀಟಿಗೂ ತಕ್ಕಡಿಗೂ ತಾಳೆಯಾಯಿತು. ಬುಟ್ಟಿಗಳಿಂದ ನೀರು ಸೋರುತ್ತಿತ್ತು. ಹಗುರದವು ಬೇರೆ. ಅವನ್ನು ತಕ್ಕಡಿಗೆ ಇಡಲಿಲ್ಲ.

ತುಂಬುವಾಗ ವಿಮಾನದ ಬಾಲಕ್ಕೆ ಒಂದು ಕಬ್ಬಿಣದ ಕಂಬ ತಗುಲಿಸುತ್ತೇವೆ. ಬಾಗಿಲು ಹಿಂದುಗಡೆ ಇರುವುದರಿಂದ ಆಳುಗಳು ಹತ್ತಿ ಇಳಿಯುವಾಗ ವಿಮಾನ ಹಿಂದಕ್ಕೆ ಕುಕ್ಕರಿಸಬಾರದು ಎಂದು. ತುಂಬಿದ್ದು ಸರಿಯಾಗಿದ್ದರೆ ಕೊನೆಗೆ ಮೂಗಿನ ಚಕ್ರ ಭದ್ರವಾಗಿ ನೆಲ ಹಿಡಿದಿರುತ್ತದೆ, ಕಂಬದ ತುದಿಗೂ ನೆಲಕ್ಕೂ ನಡುವೆ ಬೆರಳು ತೂರುವಷ್ಟು ಸಂದಿರುತ್ತದೆ, ಎರಡು ಬೆರಳಲ್ಲಿ ಕಂಬ ಕಳಚಿ ಬರುತ್ತದೆ.

ಶುಂಠಿ ಮುಂದೆ ಹೋಯಿತು, ಅವರೆ ನಡುವೆ, ಎಲೆಯ ಬುಟ್ಟಿ ಹಿಂದೆ. ಬಲೆ ಎಳೆದು ಬಿಗಿದೆವು. ಶೀಟಿನಲ್ಲಿ ಲೆಕ್ಕ ಹಾಕಿದೆ, ನಡುಬಿಂದು ಚಂದವಾಗಿ ಮಿತಿಯ ಒಳಗೆ ಬಿತ್ತು. ಕಂಬ ತೆಗೆಯಿರಿ ಎಂದೆ.

ಕಂಬ ಬರಲಿಲ್ಲ.

ಆಳು ಎಳೆದ, ಅಲುಗಿಸಿದ, ಕಾಲಿನಿಂದ ಒದ್ದ. ನಾನು ಮಂಡಿಯೂರಿ ನೋಡಿದೆ. ಸಂದಿರಲಿಲ್ಲ. ಇಡೀ ಬಾಲ ಕಂಬದ ಮೇಲೆ ಕೂತಿತ್ತು. ಮುಂದೆ ಹೋಗಿ ನೋಡಿದರೆ ಮೂಗಿನ ಚಕ್ರದ ಮೇಲಿನ ಹೊಳೆಯುವ ಕೊಳವೆ ಎಂದೂ ಇಲ್ಲದಷ್ಟು ಉದ್ದಕ್ಕೆ ಹೊರಗೆ ಕಾಣುತ್ತಿತ್ತು.

ಕ್ಯಾಪ್ಟನ್ ಬಂದು ನಿಂತು ನೋಡಿದರು. ಮುಂದಿನ ಬಾಗಿಲಿನಿಂದ ಹತ್ತಿ ತಮ್ಮ ಸೀಟಿನಲ್ಲಿ ಕೂತರು. ಮೂಗು ಮೆಲ್ಲಗೆ ಇಳಿಯಿತು, ಕಂಬ ಸಡಿಲವಾಯಿತು. ಆಳುಗಳು ನಕ್ಕರು. ಕ್ಯಾಪ್ಟನ್ ಕೂತರೆ ಸರಿಯಾಗುತ್ತದಲ್ಲ, ಕ್ಯಾಪ್ಟನ್ ಹೇಗೂ ಹೋಗುವವರೇ ತಾನೇ? ಹೊರಡಬಹುದಿತ್ತು. ಆ ಕ್ಷಣ ನನ್ನ ತಲೆಯಲ್ಲೂ ಆ ಯೋಚನೆ ಸುಳಿದಿರಬೇಕು. ಆದರೆ ನನ್ನ ಶೀಟಿನ ಪ್ರಕಾರ ಕ್ಯಾಪ್ಟನ್ ಇಲ್ಲದೆಯೂ ಕಂಬ ಸಡಿಲ ಇರಬೇಕಾಗಿತ್ತು.

"ಹಾಳೆ ಒಂದು ಹೇಳ್ತದೆ, ವಿಮಾನ ಇನ್ನೊಂದು ಹೇಳ್ತದೆ. ನಾನು ವಿಮಾನದ ಮಾತು ಕೇಳೋನು," ಎಂದು ಕ್ಯಾಪ್ಟನ್ ಇಳಿದು ಬಂದರು.

ಈ ಮಾತು ಹೇಳಿದ್ದು ನಾನೇ ಎಂದು ಬಹಳ ದಿನ ಅಂದುಕೊಂಡಿದ್ದೆ. ಅವರದ್ದೆಂದು ಅವರು ಹೇಳುತ್ತಾರೆ. ಅವರಿಗೇ ಬಿಟ್ಟಿದ್ದೇನೆ.

ಒಳಗೆ ಹತ್ತಿ, ಬಲೆ ಸಡಿಲಿಸಿ, ಬಾಗಿಲ ಪಕ್ಕದ ಎಲೆಯ ಬುಟ್ಟಿಗೆ ಕೈ ಹಾಕಿದೆ. ಏಳಲಿಲ್ಲ. ಹಾಳೆಯಲ್ಲಿ ಒಂದು ಕೈಯಲ್ಲಿ ಎತ್ತುವ ತೂಕ ಬರೆದಿತ್ತು. ಆಳುಗಳಿಗೆ ಹಾಳೆಯ ತೂಕ ಗೊತ್ತಿರಲಿಲ್ಲ, ಇಬ್ಬಿಬ್ಬರು ಹಿಡಿದು ಏರಿಸಿಬಿಟ್ಟಿದ್ದರು. ಇಬ್ಬರು ಹಿಡಿದು ಕೆಳಗಿಳಿಸಿ ನಾರು ಬಿಚ್ಚಿದೆವು. ಮೇಲೆ ಎಲೆ. ಎಲೆಯ ಕೆಳಗೆ ಅವರೆಕಾಯಿ. ಅವರೆಕಾಯಿ ಸರಿಸಿದರೆ ಶುಂಠಿ, ನಿಂಬೆಹಣ್ಣು, ಯಾರದೋ ಹಿತ್ತಲಿನ ಸೀಮೆಬದನೆ. ಅಡಿಯಲ್ಲಿ ಅರಿಶಿನ ಕುಂಕುಮ ಹಚ್ಚಿದ ಒಂದು ಕೊಬ್ಬರಿ ಗಿಟುಕು.

ಮೊದಲು ಕೊಬ್ಬರಿಯನ್ನು ತೆಗೆದು ವಿಮಾನದಿಂದ ದೂರ ಇಟ್ಟೆ. ಉಳಿದದ್ದು ಬರೀ ತೂಕ. ಒಣಕೊಬ್ಬರಿಯ ಎಣ್ಣೆ ಮುಚ್ಚಿದ ಜಾಗದಲ್ಲಿ ತಾನಾಗಿಯೇ ಕಾಯ್ದು ಹೊತ್ತಿಕೊಳ್ಳಬಲ್ಲದೆಂದು ವಿಮಾನದಲ್ಲಿ ಅದಕ್ಕೆ ಬೇರೆಯೇ ಕಟ್ಟುನಿಟ್ಟು.

ಭಾಯಿಯನ್ನು, ಅಧ್ಯಕ್ಷೆಯನ್ನು ಕರೆಸಿದೆ. ಭಾಯಿ ಬುಟ್ಟಿ ನೋಡಿದವರೇ ಎರಡು ಹೆಜ್ಜೆ ಹಿಂದೆ ಸರಿದರು.

"ಅಲ್ಲಾನ ಆಣೆ ಮೇಡಂ, ಕ್ರೇಟಿಗೆ ಯಾರೂ ಕೈ ಹಚ್ಚಿಲ್ಲ. ನನ್ ಪಟ್ಟಿ ಕುಯ್ದೇ ತೆಗೀಬೇಕು. ಬುಟ್ಟಿ ವಿಷಯ ಇವ್ರನ್ನೇ ಕೇಳಿ."

ಅಧ್ಯಕ್ಷೆಗೆ ಮುಚ್ಚಿಡುವುದು ಏನೂ ಇರಲಿಲ್ಲ. "ಕೊಸ್ರು ಕಣವ್ವ," ಎಂದರು. "ನಾವೇ ಆಕಿದ್ದು. ಎಲ್ಲಾರೂವೆ."

ನಾನು ಹೊರಟ ಮೇಲೆ ನಡೆದದ್ದನ್ನು ಅವರು ಹೇಳಿದರು. ಟೆಂಪೊ ಬಾಗಿಲು ಇನ್ನೂ ತೆರೆದಿತ್ತಂತೆ. ಬೆಳೆಗಾರರು ಸುತ್ತ ನಿಂತಿದ್ದರು. ತಮ್ಮ ಕಾಯಿ ಮೊದಲ ಸಲ ಸಮುದ್ರ ದಾಟುತ್ತಿದೆ, ಬರೀ ತೂಗಿದಷ್ಟನ್ನೇ ಕೊಟ್ಟು ಕಳಿಸುವುದು ಹೇಗೆ? ಒಬ್ಬರು ಒಂದು ಬೊಗಸೆ ತಂದರು. ಕ್ರೇಟಿಗೆ ಹಾಕೋಣವೆಂದರೆ ಪಟ್ಟಿ ಬಿಗಿದಿತ್ತು. ಬುಟ್ಟಿಯ ನಾರು ಬೆರಳಿಗೇ ಸಡಿಲವಾಯಿತು. ಆಮೇಲೆ ಒಬ್ಬರನ್ನು ನೋಡಿ ಒಬ್ಬರು. ಅವರೆಯವರು ಅವರೆ, ಶುಂಠಿಯವರು ಶುಂಠಿ, ಏನೂ ಇಲ್ಲದವರು ಪಕ್ಕದ ಮನೆಯಿಂದ ನಿಂಬೆಹಣ್ಣು. ಪಿರಿಯಾಪಟ್ಟಣದ ಒಬ್ಬರು ಬುಟ್ಟಿಗೊಂದರಂತೆ ಕೊಬ್ಬರಿ ಇಟ್ಟು ಕೈಮುಗಿದರಂತೆ.

ನಾನೂ ಇದೇ ಸೀಮೆಯವಳು. ಕೆ.ಆರ್. ನಗರದ ಸಂತೆಯಲ್ಲಿ ಅಮ್ಮ ತೂಗಿದ ಮೇಲೆ ಕೊಸರೆಂದು ಇನ್ನೊಂದು ಹಿಡಿ ಹಾಕಿಸಿಕೊಳ್ಳದೆ ಚೀಲದ ಬಾಯಿ ಮುಚ್ಚಿದ್ದಿಲ್ಲ. ಆದರೂ ತಕ್ಕಡಿಯಿಂದ ಇಳಿದ ಮೇಲೆ ಒಂದು ಸಾಮಾನು ಬೆಳೆಯಬಲ್ಲದು ಎಂಬುದು ನನ್ನ ಯಾವ ತರಬೇತಿಯಲ್ಲೂ ಬಂದಿರಲಿಲ್ಲ.

ಇದರಿಂದ ವಿಮಾನ ಬೀಳುತ್ತದೆ ಎಂದೆ. ಅಧ್ಯಕ್ಷೆ ನಂಬಲಿಲ್ಲ. ಒಂದು ಬೊಗಸೆ ಅವರೆಕಾಯಿಗೆ ಬೀಳುವ ವಿಮಾನವನ್ನು ಯಾಕೆ ತಂದಿರಿ ಎಂದು ಕೇಳಿದರು. ಶೀಟಿನ ಗೆರೆಗಳನ್ನು ತೋರಿಸಿದೆ, ಅದರಿಂದ ಏನೂ ಪ್ರಯೋಜನವಾಗಲಿಲ್ಲ. ಕೈ ಹಿಡಿದು ಬಾಲದ ಹತ್ತಿರ ಕರೆದುಕೊಂಡು ಹೋದೆ. ಅವರು ಬಗ್ಗಿ ಕಂಬ ನೋಡಿದರು, ಅದನ್ನು ಅಲುಗಿಸಲು ನೋಡಿದರು, ಆಮೇಲೆ ದೂರ ನಿಂತು ಮೇಲೆದ್ದ ಮೂಗನ್ನು ನೋಡಿದರು.

"ಇಂಬಾರ ಆಗದೆ ಅನ್ನು," ಎಂದರು ನಿಧಾನಕ್ಕೆ. "ಗಾಡಿ ಇಂಬಾರ ಆದ್ರೆ ನೊಗ ಮ್ಯಾಕೆದ್ದು ಎತ್ತಿನ ಕುತ್ಗೆ ಇಸ್ಕ್ತದೆ."

ಅದೇ, ಹಿಂದುಗಡೆ ಭಾರ ಹೆಚ್ಚಾಗಿದೆ ಎಂದೆ. ಇಲ್ಲಿ ಎತ್ತಿನ ಜಾಗದಲ್ಲಿ ಕ್ಯಾಪ್ಟನ್ ಇದ್ದಾರೆ ಎಂದೆ.

ಸುಲಭದ ದಾರಿ ಕ್ಯಾಪ್ಟನ್ನೇ ಸೂಚಿಸಿದರು: ಎಲೆಯ ಬುಟ್ಟಿಗಳನ್ನೆಲ್ಲ ಇಳಿಸಿಬಿಡಿ, ಕ್ರೇಟು ತೆಗೆದುಕೊಂಡು ಹೊರಡುತ್ತೇನೆ, ಹೊತ್ತಿಗೆ ಮುಂಚೆಯೇ ಮುಟ್ಟುತ್ತೇನೆ. ಸರಿಯಾದ ಮಾತು. ಆದರೆ ಎಲೆ ಹೊಸ ಅಗ್ರಹಾರದವರದ್ದು. ಅವರು ಕಳಿಸಿದ್ದು ಅದೊಂದೇ. ನಾಲ್ಕು ತಾಲ್ಲೂಕಿನಲ್ಲಿ ಒಂದನ್ನು ಮಂಡಕಳ್ಳಿಯಲ್ಲಿ ಬಿಟ್ಟು ಹೋದರೆ ಸಂಘ ಇಲ್ಲಿಗೇ ಒಡೆಯುತ್ತದೆ, ಅವರ ಮಾಲು ಬಿಟ್ಟು ನಮ್ಮದು ಹೋಗುವುದು ಬೇಡ ಎಂದು ಅಧ್ಯಕ್ಷೆ ಅಡ್ಡ ನಿಂತರು. ನನಗೆ ಬೇರೆ ಚಿಂತೆ. ಒಂದು ಚೀಟಿ ಸುಳ್ಳಾದ ಮೇಲೆ ಉಳಿದವು ನಿಜವೆಂದು ಯಾವ ಧೈರ್ಯದಲ್ಲಿ ಹೇಳಲಿ? ಕ್ರೇಟಿನ ಪಟ್ಟಿ ಬಿಗಿಯುವ ಮುಂಚೆ ಯಾರೂ ಕೊಬ್ಬರಿ ಇಟ್ಟಿಲ್ಲವೆಂದು ಆಣೆ ಇಟ್ಟು ಹೇಳುವವರು ಯಾರು?

ಎಲ್ಲವನ್ನೂ ಇಳಿಸಿ ಎಂದೆ. ಒಂದೊಂದನ್ನೂ ಬಿಚ್ಚಿ ನೋಡುತ್ತೇವೆ, ಇಲ್ಲಿಯ ತಕ್ಕಡಿಯಲ್ಲಿ ತೂಗುತ್ತೇವೆ, ಮತ್ತೆ ಎಕ್ಸ್-ರೇ ಮಾಡಿಸಿ, ಮೊದಲಿನಿಂದ ತುಂಬುತ್ತೇವೆ. ಹೊತ್ತು ಮೀರಿದರೆ ನಾನು ಸಹಿ ಹಾಕುವುದಿಲ್ಲ, ವಿಮಾನ ಖಾಲಿ ಹೋಗಲಿ.

ಆಳುಗಳು ನನ್ನ ಮುಖ ನೋಡಿದರು. ಭಾಯಿ ಮಾತ್ರ ಅಂಗಿಯ ತೋಳು ಮಡಚಿ, ಟೆಂಪೊದಿಂದ ಪಟ್ಟಿಯ ಕೈಯಂತ್ರ ತರುವುದಕ್ಕೆ ಹೋದರು. ಹೊಸ ಪಟ್ಟಿಯ ಸುರುಳಿಯೂ ಅವರ ಬಳಿ ಇತ್ತು.

ಕ್ರೇಟುಗಳು ಬೇಗ ಮುಗಿದವು. ಅವುಗಳೊಳಗೆ ಏನೂ ಇರಲಿಲ್ಲ. ಭಾಯಿ ಪ್ರತಿ ಮುಚ್ಚಳ ತೆಗೆದಾಗಲೂ ನನ್ನ ಕಡೆ ನೋಡಿ, ಮತ್ತೆ ಪಟ್ಟಿ ಬಿಗಿಯುತ್ತಿದ್ದರು. ಕಷ್ಟ ಬುಟ್ಟಿಗಳದ್ದು. ಕೊಸರು ತೆಗೆದು ಟೆಂಪೊಗೆ ಹಾಕಿ ಎಂದೆ. ಅಧ್ಯಕ್ಷೆ ಕದಲಲಿಲ್ಲ.

"ಆಕಿದ್ ಕೊಸ್ರ ವಾಪಸ್ ತಗೋಳಂಗಿಲ್ಲ ಕಣವ್ವ. ಅಳ್ದು ಕೊಡೋನು ಅಂಗ್ಡಿಯೋನು. ನಾವು ಬೆಳ್ದಿರೋರು. ಇದ ಊರ್ಗೆ ತಿರುಗ್ಸಿ ಒತ್ಕೊಂಡ್ ಓದ್ರೆ ನಾಳಿಕ್ಕೆ ನನ್ ಮಕ ಯಾರ್ ನೋಡಾರು?"

ಸಿಟ್ಟಿನ ಮಾತಲ್ಲ ಅದು. ನಿಯಮ ಹೇಳಿದ್ದು. ನನ್ನದೊಂದು ನಿಯಮ, ಅವರದೊಂದು ನಿಯಮ, ನಡುವೆ ಬಾಯಿ ತೆರೆದ ಬುಟ್ಟಿಗಳು. ಬಿಸಿಲು ಏರುತ್ತಿತ್ತು. ಕ್ಯಾಪ್ಟನ್ ಗಡಿಯಾರ ನೋಡಿದರು, ನನಗೆ ಕಾಣುವ ಹಾಗೆಯೇ ನೋಡಿದರು.

ಆಗ ಅಗ್ನಿಶಾಮಕದವರೊಬ್ಬರು ಏನು ಗಲಾಟೆ ಎಂದು ನೋಡಲು ಬಂದಿದ್ದರು. ಅಧ್ಯಕ್ಷೆ ಅವರ ಕೈಯಲ್ಲಿದ್ದ ಹೆಲ್ಮೆಟ್ಟನ್ನು ಒಂದು ಗಳಿಗೆ ದಿಟ್ಟಿಸಿದರು.

"ನಿಂಗೆ ಮನೇಲಿ ಎಂಗುಸ್ರು ಅವ್ರಾ ಅಣ್ಣ? ಹಿಡಿ ಇದ," ಎಂದು ಹೆಲ್ಮೆಟ್ಟಿನ ತುಂಬ ಅವರೆಕಾಯಿ ಸುರಿದರು.

ಕೊಸರನ್ನು ವಾಪಸು ತೆಗೆದುಕೊಳ್ಳುವಂತಿಲ್ಲ. ಆದರೆ ಕೊಡಬಹುದು. ಅಲ್ಲಿಂದ ಮುಂದೆ ನಡೆದದ್ದನ್ನು ಸರಿಯಾದ ಕ್ರಮದಲ್ಲಿ ಹೇಳುವುದು ನನ್ನಿಂದಾಗದು. ಎಲ್ಲವೂ ಒಟ್ಟಿಗೇ ನಡೆದ ಹಾಗೆ ನೆನಪು. ಭದ್ರತೆಯ ಹೆಂಗಸರು ಕರವಸ್ತ್ರ ಹಾಸಿದರು. ಕಸ ಗುಡಿಸುವವರು ಬಕೆಟ್ ತಂದರು. ಆಳುಗಳ ಹೆಗಲ ಮೇಲಿನ ಟವೆಲ್ಲುಗಳೆಲ್ಲ ಗಂಟಾದವು. ಬೊಗಸೆಗೆ ಬೊಗಸೆ ಹಾಕಿ, ಅದರ ಮೇಲೆ ಮತ್ತೊಂದು ಹಿಡಿ ಹಾಕಿ, ಅಧ್ಯಕ್ಷೆ ಮದುವೆ ಮನೆಯ ಹಾಗೆ ಓಡಾಡುತ್ತಿದ್ದರು. ಕೊಬ್ಬರಿಯನ್ನು ಭಾಯಿ ಕಲ್ಲಿಗೆ ಕುಟ್ಟಿ ಚೂರು ಮಾಡಿ ಎಲ್ಲರ ಬಾಯಿಗೂ ಹಾಕಿದರು. ಕ್ಯಾಪ್ಟನ್ ಒಂದು ಚೂರು ಬಾಯಿಗೆ ಹಾಕಿಕೊಂಡು, ಈ ಸರಕು ನನ್ನ ಹೊಟ್ಟೆಯಲ್ಲಿ ಹೋದರೆ ಪರವಾಗಿಲ್ಲವೋ ಎಂದು ನನ್ನನ್ನು ಕೇಳಿದರು. ನಾನು ಕೂಗಿ ಕೂಗಿ ತೂಕ ಹೇಳುತ್ತಿದ್ದೆ, ಬರೆದುಕೊಳ್ಳುತ್ತಿದ್ದೆ, ಅವರೆ ಸೊಗಡು ಮೂಗಿಗೆ ಅಡರಿ ಹಸಿವಾಗುತ್ತಿತ್ತು.

ಖುಷಿಯಲ್ಲಿ ಎಡವಲಿಲ್ಲ, ಅದೇ ಪುಣ್ಯ. ಕೊಸರು ತೆಗೆದ ಮೇಲೂ ಬುಟ್ಟಿಗಳು ಚೀಟಿಗಿಂತ ಭಾರವಿದ್ದವು. ಯಾಕೆಂದು ಕೇಳಿದರೆ ಭಾಯಿ, ಎಲೆ ಬಾಡಬಾರದೆಂದು ಬಿಳಿಕೆರೆಯಲ್ಲಿ ನಿಲ್ಲಿಸಿ ಗೋಣಿಗೆ ನೀರು ಚಿಮುಕಿಸಿದೆವು ಎಂದರು. ನೀರು ತೆಗೆಯುವಂತಿಲ್ಲ, ಎಲೆ ಸಾಯುತ್ತದೆ. ಒದ್ದೆ ತೂಕವನ್ನೇ ನಿಜವೆಂದು ಹಿಡಿದು ಲೆಕ್ಕ ಹೊಸದಾಗಿ ಹಾಕಿದೆ. ನಡುಬಿಂದು ಗೆರೆಯ ಆಚೆ ಬಿತ್ತು. ಎರಡು ಬುಟ್ಟಿ ಮುಂದಕ್ಕೆ ತಂದೆ. ಆಗಲೂ ಗೆರೆಯ ಮೇಲೆಯೇ. ಇನ್ನೊಂದನ್ನು ಶುಂಠಿಯ ಪಕ್ಕದಲ್ಲಿ ಕೂರಿಸಿ, ಅದರ ಮೇಲೆ ಏನೂ ಒತ್ತದಂತೆ ಬೇರೆ ಬಲೆ ಹಾಕಿ, ನಾಲ್ಕೂ ಮೂಲೆ ನೆಲದ ಕೊಂಡಿಗೆ ಬಿಗಿಸಿದೆ. ಲೆಕ್ಕ ಒಳಗೆ ಬಂತು. ಅಂಗೈಯಲ್ಲಿ ಒತ್ತಿ ಪ್ರತಿ ಪಟ್ಟಿಯನ್ನೂ ನೋಡಿದೆ. ಯಾವುದೂ ಜಗ್ಗಲಿಲ್ಲ.

ಬಾಲದ ಹತ್ತಿರ ಮತ್ತೆ ಮಂಡಿಯೂರಿದೆ. ಕಂಬದ ಕೆಳಗೆ ಬೆರಳು ತೂರಿಸಿದೆ. ತೂರಿತು. ಸೀಟು ಖಾಲಿ ಇತ್ತು, ಕ್ಯಾಪ್ಟನ್ ನನ್ನ ಪಕ್ಕದಲ್ಲೇ ಬಗ್ಗಿ ನಿಂತಿದ್ದರು. ಕಂಬ ಕೈಗೆ ಬಂತು.

ಸಹಿ ಹಾಕಿದೆ. ಅವರೂ ಹಾಕಿದರು. ಹೊತ್ತು ಮೀರಲು ಇನ್ನು ಸ್ವಲ್ಪವೇ ಇತ್ತು.

ವಿಮಾನ ಎಲ್ಲಿ ನೆಲ ಬಿಟ್ಟಿತು ಎಂಬುದಕ್ಕೆ ನಮ್ಮಲ್ಲಿ ಎರಡು ಕಥೆಗಳಿವೆ. ಓಟದ ಅರ್ಧಕ್ಕೇ ಎದ್ದಿತು ಎಂದು ಭಾಯಿ. ಕೊನೆಯವರೆಗೂ ಓಡಿ ನಮ್ಮ ಜೀವ ತೆಗೆಯಿತು ಎಂದು ಆಳುಗಳು. ನಾನು ಚಕ್ರ ನೋಡಲೇ ಇಲ್ಲ. ಮೂಗನ್ನೇ ನೋಡುತ್ತಿದ್ದೆ. ಅದು ಬೇಕಾದಷ್ಟೇ ಎದ್ದಿತು, ಅಲ್ಲೇ ನಿಂತಿತು, ಒಂದು ಗೆರೆ ಎಳೆದ ಹಾಗೆ ಮೇಲಕ್ಕೆ ಹೋಯಿತು, ನೈರುತ್ಯಕ್ಕೆ ತಿರುಗಿತು. ನನ್ನ ಬಾಯಿಂದ ಕೂಗು ಬಂತು ಎಂದು ಎಲ್ಲರೂ ಹೇಳುತ್ತಾರೆ. ಒಪ್ಪಿದೆ.

ಸರಕಿನ ಕಟ್ಟಡದ ನೆರಳಿನಲ್ಲಿ ಕೂತು ಕಾದೆವು. ಅಧ್ಯಕ್ಷೆ ಫೋನನ್ನು ಮಡಿಲಿನಲ್ಲಿ ಇಟ್ಟುಕೊಂಡಿದ್ದರು. ಊಟದ ಹೊತ್ತು ದಾಟಿದ ಮೇಲೆ ಕಂಪನಿಯವರ ಕರೆ ನನಗೆ ಬಂತು. ತಪಾಸಣೆ ಮುಗಿದಿದೆ, ಸರಕು ಒಪ್ಪಿಸಿದ್ದಾಯಿತು, ಸಂಜೆಯ ವಿಮಾನಕ್ಕೆ ಏರುತ್ತಿದೆ. ನಾಳಿದ್ದು ಇದೇ ವಿಮಾನ ಮತ್ತೆ ಮಂಡಕಳ್ಳಿಗೆ ಬರುತ್ತದೆ, ಅವರೆ ಇನ್ನಷ್ಟು ಇದ್ದರೂ ಆದೀತು.

ಹೇಳಿದೆ. ಅಧ್ಯಕ್ಷೆ ಸೆರಗಿನಿಂದ ಮುಖ ಒರೆಸಿಕೊಂಡರು. ಮರುಕ್ಷಣ ಹುಣಸೂರಿನ ಶೆಡ್ಡಿನಲ್ಲಿ ತೂಗುವವನಿಗೆ ಫೋನ್ ಹಚ್ಚಿದರು. ಸ್ಪೀಕರ್ ಹಾಕಿದ್ದರಿಂದ ಎರಡೂ ಕಡೆಯ ಮಾತು ನಮಗೆ ಕೇಳುತ್ತಿತ್ತು. ಮುಟ್ಟಿತು ಎಂದು ಮೊದಲು ಹೇಳಿದರು. ಆ ಕಡೆ ಶೆಡ್ಡಿನಲ್ಲಿದ್ದವರೆಲ್ಲ ಒಮ್ಮೆಲೇ ಮಾತಾಡಿದರು. ಅದು ನಿಲ್ಲುವವರೆಗೆ ಕಾದು ಅಧ್ಯಕ್ಷೆ ಹೇಳಿದರು: "ನಾಳಿದ್ದೂ ಅದೆ. ಯಾರ್ಗೂ ಕೊಸ್ರು ಬ್ಯಾಡ ಅನ್ಬ್ಯಾಡ ಕಣ್ಲಾ. ಆಕ್ಸು. ತಕ್ಡೀಗ್ ಇಡಕ್ ಮುಂಚೆ ಆಕ್ಸು."

ಆ ಕಡೆಯವನು ಕೇಳಿದ: "ತೂಗುದ್ ಮ್ಯಾಲೆ ಆಕುದ್ರೆ ತಾನೆ ಅಕ್ಕ ಕೊಸ್ರು? ತೂಕದೊಳ್ಗೇ ಬಂದ್ರೆ ಅದು ಕೊಸ್ರೆಂಗಾದದು?"

ಅಧ್ಯಕ್ಷೆ ನನ್ನ ಕಡೆ ನೋಡಿದರು. ಉತ್ತರ ನಾನು ಕೊಡಲಿ ಎಂದಲ್ಲ, ತಾವು ಕೊಡುವುದನ್ನು ನಾನು ಕೇಳಿಸಿಕೊಳ್ಳಲಿ ಎಂದು.

"ಸಂತೇಲಿ ಅಂಗೆ. ಗಾಳೀಲ್ ಓಗೋ ಗಾಡೀಲಿ ಕೊಸ್ರೂ ತೂಕ್ವೇ ಕಣ್ಲಾ."